ಹಿಂದೆ ನಿಂತ ಮುಳ್ಳು

ನಮ್ಮ ಸ್ಟಾಫ್ ರೂಮಿನಲ್ಲಿ ವಾಚಿನ ಹುಚ್ಚು ಹಿಡಿದವರು ನಾವು ಮೂವರು. ಅದರಲ್ಲೂ ಕ್ರೋನೊಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡ ಸೇರಿರುವ ಕೈಗಡಿಯಾರ. ಅದೂ ಸಣ್ಣ ವರ್ಕ್‌ಶಾಪ್‌ಗಳಲ್ಲಿ ತಯಾರಾದದ್ದು. ಕೊಳ್ಳುವ ಮಾತು ದೂರ! ಚಿತ್ರ, ವಿವರ ಕತ್ತರಿಸಿ ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸುತ್ತೇವೆ. ನಮ್ಮ ಸಂಗ್ರಹ ಅಷ್ಟೇ.

ಕ್ರೋನೊಗ್ರಾಫ್ ಎಂದರೆ ಕಾಲವನ್ನು ಬರೆಯುವ ಯಂತ್ರ. ಹೆಸರು ಸುಮ್ಮನೆ ಬಂದದ್ದಲ್ಲ. 1821ರಲ್ಲಿ ಪ್ಯಾರಿಸಿನ ಕುದುರೆ ಪಂದ್ಯದಲ್ಲಿ ನಿಕೋಲಾ ರಿಯೂಸೆಕ್ ಬಳಸಿದ ಯಂತ್ರ, ತಿರುಗುವ ಬಿಲ್ಲೆಯ ಮೇಲೆ ನಿಜವಾಗಿಯೂ ಶಾಯಿಯ ಚುಕ್ಕೆ ಇಡುತ್ತಿತ್ತು.

ನಮ್ಮ ಪುಸ್ತಕದಲ್ಲಿ ಹೆಚ್ಚು ಪುಟ ಸಿಕ್ಕಿರುವುದು ಆಸ್ಟ್ರಿಯಾದ ಫೋಲ್ಕರ್‌ಮಾರ್ಕ್ಟ್ ಊರಿನ ಹಾಬ್ರಿಂಗ್ ದಂಪತಿಗೆ. ರಿಚರ್ಡ್ ಹಾಬ್ರಿಂಗ್ ಅವರು ಸ್ವಿಸ್ ಕಂಪನಿ ಐಡಬ್ಲ್ಯುಸಿಯಲ್ಲಿದ್ದಾಗ ಎರಡು ಸೆಕೆಂಡು ಮುಳ್ಳಿನ ಕ್ರೋನೊಗ್ರಾಫ್ ರೂಪಿಸಿದರು. 1992ರಲ್ಲಿ ಅದು ಹೊರಬಂತು. ಇಬ್ಬರು ಮಕ್ಕಳು ಓಡುತ್ತಿದ್ದಾರೆ ಎನ್ನಿ. ಎರಡೂ ಮುಳ್ಳು ಒಂದರ ಮೇಲೊಂದು ಸಾಗುತ್ತವೆ. ಮೊದಲನೆಯವನು ಗೆರೆ ಮುಟ್ಟಿದಾಗ ಗುಂಡಿ ಒತ್ತಿದರೆ ಒಂದು ಮುಳ್ಳು ನಿಲ್ಲುತ್ತದೆ, ಇನ್ನೊಂದು ಎರಡನೆಯವನಿಗಾಗಿ ಓಡುತ್ತಲೇ ಇರುತ್ತದೆ. ಸಮಯ ಓದಿಕೊಂಡು ಮತ್ತೆ ಒತ್ತಿದರೆ ನಿಂತ ಮುಳ್ಳು ಒಂದೇ ನೆಗೆತಕ್ಕೆ ಜೊತೆಗಾರನನ್ನು ಸೇರಿಕೊಳ್ಳುತ್ತದೆ. ಎಲ್ಲೆಡೆ ಸಿಗುತ್ತಿದ್ದ ವಾಲ್ಜೂ 7750 ಯಂತ್ರದ ಮೇಲೆಯೇ ಇದನ್ನು ಕೂರಿಸಿದ್ದು ಅವರ ಜಾಣ್ಮೆ.

2004ರಲ್ಲಿ ಪತ್ನಿ ಮರಿಯಾ ಜೊತೆ ಸ್ವಂತ ವರ್ಕ್‌ಶಾಪ್ ಶುರುಮಾಡಿದರು. ಇಬ್ಬರದೂ ಎನ್ನಲು ಹೆಸರಿನ ಮೇಲೆ ಪುಟ್ಟ 2 ಇಟ್ಟರು. ಪೇಟೆಂಟ್ ಅವಧಿ ಮುಗಿದ ಮೇಲೆ, 2012ರಲ್ಲಿ, 20 ವರ್ಷ ಹಿಂದಿನ ತಮ್ಮದೇ ಯೋಚನೆಯನ್ನು ತಮ್ಮ ಹೆಸರಿನಲ್ಲಿ ತಂದರು. ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಮಾಡುವಲ್ಲಿ ಇವರದು ಸಣ್ಣ ಲೆಕ್ಕ.

ಆ ಜಿಲ್ಲೆಯೂ ಗಡಿನಾಡೇ. ಸ್ಲೊವೇನಿಯನ್ ಮಾತಾಡುವವರು ಅಲ್ಲಿ ಅಲ್ಪಸಂಖ್ಯಾತರು. ಹಾಗಾಗಿ ಆ ಪುಟ ತೆರೆದಾಗಲೆಲ್ಲ ನಮ್ಮ ಮಾತು ಶಾಲೆಗೇ ತಿರುಗುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುವಾಗ ಕನ್ನಡ ಮಾಧ್ಯಮದವರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ನಿಮಗೂ ಗೊತ್ತು. ಸಂಖ್ಯೆ ಇಳಿದರೆ ಡಿವಿಷನ್ ಹೋಯಿತು, ಅದರೊಂದಿಗೆ ಒಬ್ಬ ಮಾಷ್ಟ್ರ ಹುದ್ದೆಯೂ.

ವಾಚು ಕಡಿಮೆ ಮಾಡುವುದು ಅವರ ಆಯ್ಕೆ. ಮಕ್ಕಳು ಕಡಿಮೆಯಾಗುವುದು ನಮ್ಮ ಆಯ್ಕೆಯಲ್ಲ. ಆದರೂ ಕಲಿಯುವಂಥದ್ದು ಒಂದಿದೆ. ಆ ವಾಚು ಕೊಳ್ಳುವವರಿಗೆ ಅದನ್ನು ಮಾಡಿದವರು ಯಾರೆಂದು ಗೊತ್ತು. ಸಣ್ಣ ವರ್ಕ್‌ಶಾಪ್ ನಡೆಯುವುದು ಆ ನಂಬಿಕೆಯಿಂದಲೇ. ನಮ್ಮೂರಿನ ತಂದೆತಾಯಿಯರಿಗೂ ನಾವು ಅಷ್ಟು ಪರಿಚಿತರಾಗಬೇಕು. ನಿಮ್ಮ ಮಗುವಿನ ಹೆಸರು ನಮಗೆ ಗೊತ್ತಿದೆ, ಹಿಂದೆ ನಿಂತರೆ ಜೊತೆ ಸೇರುವ ತನಕ ಬಿಡುವುದಿಲ್ಲ ಎಂದು ಮನೆಮನೆಗೆ ಹೋಗಿ ಹೇಳಬೇಕು. ಈ ಮೇ ತಿಂಗಳಲ್ಲೇ ಹೊರಡೋಣ.