ಒಂದೂವರೆ ಕೋಟಿ ಹಾರಾಟ, 4 ಮಿಲಿಗ್ರಾಂ

ಗೂಡಿನ ಬಾಗಿಲಲ್ಲಿ ಜಾಲರಿ ಕಾದಿದೆ. ಜೇನುನೊಣ ಬರುತ್ತದೆ, ನುಸುಳುತ್ತದೆ, ಹಿಂಗಾಲಿನ ಪರಾಗದುಂಡೆ ಕಳಚಿ ತಟ್ಟೆಗೆ ಬೀಳುತ್ತದೆ. ಒಂದು ಸಲದ ಹೊರೆ ಸುಮಾರು 15 ಮಿಲಿಗ್ರಾಂ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕೂಡಿಹಾಕಿದ ಪರಾಗ 227 ಕಿಲೊ! ಲೆಕ್ಕ ಹಾಕಿ: ಒಂದೂವರೆ ಕೋಟಿ ಹಾರಾಟ.

ಯಾತಕ್ಕೆ?

1970ರಲ್ಲಿ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಜಾನ್ ಮಿಚೆಲ್ ತಂಡ ಸಾಸಿವೆಯ ಹತ್ತಿರದ ನೆಂಟ ರೇಪ್‌ಸೀಡ್ ಗಿಡದ ಪರಾಗ ಹಿಂಡಿ, ಎಣ್ಣೆಯಂಥ ಸಾರ ತೆಗೆದು, ಬೀನ್ಸ್ ಸಸಿಗೆ ಹಚ್ಚಿತ್ತು. ಸಸಿ ಸರಸರ ಉದ್ದವಾಯಿತು. ಸಾರಕ್ಕೆ ‘ಬ್ರಾಸಿನ್’ ಎಂದು ಹೆಸರಿಟ್ಟರು. ಒಳಗೆ ಅಡಗಿದ ಹಾರ್ಮೋನು ಯಾವುದು? ಕೊಬ್ಬಿನಾಮ್ಲದ ಎಸ್ಟರ್ ಇರಬೇಕೆಂದು ಬೆನ್ನಟ್ಟಿದರು. ದಾರಿ ತಪ್ಪಿತು. ಹೊಸ ಹಾರ್ಮೋನೇ ಅಲ್ಲ, ಹಳೆಯ ಜಿಬ್ಬರೆಲಿನ್‌ಗಳ ಕಲಬೆರಕೆ ಎಂಬ ಸಂಶಯವೂ ಎದ್ದಿತು.

ಇನ್ನು ಉಳಿದದ್ದು ಪರಾಗದ ರಾಶಿಗೇ ಕೈ ಹಾಕುವುದು.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದರು, ಬಸಿದರು, ಇಂಗಿಸಿದರು. ಕೊಬ್ಬು, ಮೇಣ, ಬಣ್ಣ ಎಲ್ಲ ಕೂಡಿದ ಜಿಗುಟು ರಾಡಿ. ಅದನ್ನು ಬೇರ್ಪಡಿಸುವ ಕಾಲಂಗೆ ಸುರಿದರು. ಪಾಲು ಪಾಲಾಗಿ ಇಳಿಸಿಕೊಂಡರು. ಬೇಕಾದ ಪಾಲನ್ನು ಮತ್ತೊಂದು ಕಾಲಂಗೆ ಏರಿಸಿದರು. ಬೇಕಾದ ಪಾಲು ಯಾವುದು? ಹೇಳುವ ಯಂತ್ರವಿರಲಿಲ್ಲ. ಹುಡುಕಬೇಕಾದವನ ಚಹರೆಯೇ ಗೊತ್ತಿಲ್ಲದ ಮೇಲೆ ಯಂತ್ರ ಯಾರನ್ನು ಹಿಡಿದೀತು?

ಹಿಡಿದದ್ದು ಬೀನ್ಸ್ ಸಸಿ!

ಪ್ರತಿ ಪಾಲಿನ ಚೂರನ್ನು ಕುರಿಯುಣ್ಣೆಯ ಜಿಡ್ಡಿನಲ್ಲಿ ಕಲಸಿ, ಎಳೆಸಸಿಯ ಗೆಣ್ಣುಗಳ ನಡುವಿನ ಕಾಂಡಕ್ಕೆ ಸವರಿ, ದಿನಗಟ್ಟಲೆ ಕಾದರು. ಸಸಿ ಸುಮ್ಮನಿದ್ದರೆ ಆ ಪಾಲು ಬದಿಗೆ. ಕಾಂಡ ಉದ್ದವಾದರೆ ಕಳ್ಳ ಅಲ್ಲೇ ಇದ್ದಾನೆ. ಉಬ್ಬಿ, ಬಾಗಿ, ಸೀಳಿಯೇ ಹೋದರೆ ಹಾರ್ಮೋನು ಜೋರಾಗಿದೆ. ನ್ಯಾನೊಗ್ರಾಂ ಲೆಕ್ಕದ ಕಣಕ್ಕೂ ಮಿಡಿಯುವ ಅಳತೆಗೋಲು. ಇಷ್ಟು ಸೂಕ್ಷ್ಮದ, ಇಷ್ಟು ಅಗ್ಗದ ಉಪಕರಣವನ್ನು ನಾನಂತೂ ಕೇಳಿಲ್ಲ. ಆದರೆ ಒಂದು ಪಾಲು ಕೈತಪ್ಪಿ ಚೆಲ್ಲಿದರೆ? ಒಂದೂವರೆ ಕೋಟಿ ಹಾರಾಟವೂ ಮಣ್ಣುಪಾಲು.

ಚೆಲ್ಲಲಿಲ್ಲ. ತಳದಲ್ಲಿ ಹರಳು ಕಟ್ಟಿತು.

ಹರಳಿಗೆ ಎಕ್ಸ್-ಕಿರಣ ಹಾಯಿಸಿದರು. ಚಹರೆ ಬಯಲಾಯಿತು: ಸ್ಟೀರಾಯ್ಡ್! ಪ್ರಾಣಿಗಳ ಹಾರ್ಮೋನುಗಳ ಬಳಗದ ಅಣು ಗಿಡದಲ್ಲಿ. ಅದರಲ್ಲೂ ಏಳು ಪರಮಾಣುಗಳ ಲ್ಯಾಕ್ಟೋನ್ ಉಂಗುರ. 1979ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಹೆಸರು ಬ್ರಾಸಿನೊಲೈಡ್.

ಈಗ ಎಲೆಯನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಅರೆದು, ಭಾರದ ಹೈಡ್ರೋಜನ್ ಕೂಡಿಸಿದ ಬ್ರಾಸಿನೊಲೈಡಿನ ಜೋಡಿ ಅಣುವನ್ನು ಬೆರೆಸಿ, ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಟ್ಟರೆ ಹಾರ್ಮೋನು ಎಷ್ಟಿದೆ ಎಂಬ ಉತ್ತರ ಸಿಗುತ್ತದೆ. ಚಹರೆ ಗೊತ್ತಿದೆಯಲ್ಲ!

ಅಂದು 227 ಕಿಲೊ ಪರಾಗದಿಂದ ದಕ್ಕಿದ ಹರಳು 4 ಮಿಲಿಗ್ರಾಂ. ಒಂದು ನೊಣ ಒಂದು ಸಲಕ್ಕೆ ಹೊರುವ ಭಾರದ ಕಾಲು ಭಾಗ.