ಗಾಲ್ಫ್ ಗಾಡಿಗೆ ಎಷ್ಟು ಬುದ್ಧಿ ಬೇಕು?

ಗಾಲ್ಫ್ ಬಗ್ಗೆ ಕನ್ನಡದಲ್ಲಿ ಬರೆದರೆ ಓದೋರು ಯಾರು ಅಂತ ಎರಡು ವಾರದಿಂದ ಇದನ್ನ ಮುಂದೂಡ್ತಾ ಬಂದಿದ್ದೆ. ನಮ್ಮ ಕಡೆ ಗಾಲ್ಫ್ ಅಂದ್ರೆ ದುಡ್ಡಿದ್ದವರ ಚಿನ್ನಿದಾಂಡು ಅನ್ನೋ ಭಾವನೆ. ಇಂಗ್ಲೆಂಡಿಗೆ ಬಂದ ಮೇಲೆ ಇಲ್ಲಿ ಪ್ಲಂಬರ್‌ಗಳು, ಪೋಸ್ಟ್‌ಮ್ಯಾನ್‌ಗಳು, ರಿಟೈರ್ ಆದ ಶಾಲಾ ಮೇಷ್ಟ್ರುಗಳೂ ಆಡೋದು ನೋಡಿದೆ. ಆಫೀಸಿನವರ ಜೊತೆ ಸೇರಿ ನಾನೂ ಆಡ್ತೀನಿ, ಅಂದ್ರೆ ಚೆಂಡು ಹುಡುಕ್ತೀನಿ :-)

ಹೆದರಬೇಡಿ, ಇವತ್ತು ಹೇಳ್ತಿರೋದು ಆಟದ ಬಗ್ಗೆ ಅಲ್ಲ, ಆಟದ ಚೀಲ ಹೊರುವ ಗಾಡಿ ಬಗ್ಗೆ. ಎಲೆಕ್ಟ್ರಿಕ್ ಟ್ರಾಲಿ ಅಂತಾರೆ. ಕೂತುಕೊಂಡು ಓಡಿಸುವ ಬಗ್ಗಿ ಬೇರೆ, ಇದು ಬೇರೆ. ಇದರಲ್ಲಿ ಬ್ಯಾಗು ಮಾತ್ರ ಸವಾರಿ ಮಾಡುತ್ತೆ, ನಾವು ಪಕ್ಕದಲ್ಲಿ ನಡೀಬೇಕು.

ಯಾವುದು ತಗೊಳ್ಳಲಿ ಅಂತ ಕೇಳಿದ್ದು ಪರಿಚಯದ ಡಾಕ್ಟ್ರು ಒಬ್ಬರು. ದಾವಣಗೆರೆಯವರು, ಮೂವತ್ತು ವರ್ಷದಿಂದ ಇಲ್ಲೇ ಇದ್ದು ಈಗ ರಿಟೈರ್ ಆಗಿದ್ದಾರೆ. ಹೋದ ವರ್ಷ ಬಲಗಾಲಿನ ಮಂಡಿ ಬದಲಾಯಿಸಿಕೊಂಡರು. ನಡೀರಿ, ಆದ್ರೆ ಭಾರ ಹೊರಬೇಡಿ, ಎಳೀಬೇಡಿ ಅಂತ ಅವರ ಸರ್ಜನ್ ಹೇಳಿದ್ದಾರೆ. ಬಗ್ಗಿಯಲ್ಲಿ ಕೂತು ಆಡಬಹುದಲ್ಲ ಡಾಕ್ಟ್ರೇ ಅಂದೆ. "ಮಂಡಿ ಹಾಕಿಸ್ಕೊಂಡಿದ್ದೇ ನಡೆಯೋಕೆ ಕಣಯ್ಯಾ, ಕೂರೋಕಾದ್ರೆ ಹಳೇ ಮಂಡಿನೇ ಸಾಕಾಗಿತ್ತು. ನೀನು ಇಂಜಿನಿಯರ್ ಅಲ್ವಾ, ನೋಡಿ ಹೇಳು" ಅಂದರು. ಸಾಫ್ಟ್‌ವೇರ್‌ನವನಿಗೆ ಮಿಕ್ಸಿಯಿಂದ ಪಂಪ್‌ಸೆಟ್ ತನಕ ಎಲ್ಲಾ ಗೊತ್ತಿರುತ್ತೆ ಅಂತ ನಮ್ಮ ಜನರ ನಂಬಿಕೆ. ನಿಮಗೂ ಅನುಭವ ಆಗಿರುತ್ತೆ ಬಿಡಿ.

ಸರಿ, ಮೊದಲು ಸಮಸ್ಯೆ ಏನು ಅಂತ ನೋಡೋಣ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ ತನಕ ಇಟ್ಟುಕೊಳ್ಳಬಹುದು. ಚೆಂಡು, ಛತ್ರಿ, ಮಳೆ ಜಾಕೆಟ್, ನೀರು ಎಲ್ಲಾ ಸೇರಿ 10ರಿಂದ 15 ಕೆ.ಜಿ. ಆಗುತ್ತೆ. 18 ಹೋಲ್ ಮುಗಿಸೋಕೆ 8ರಿಂದ 10 ಕಿಲೋಮೀಟರ್ ನಡಿಗೆ. ಇಲ್ಲಿಯ ಸಾಮಾನ್ಯ ಕ್ಲಬ್‌ಗಳಲ್ಲಿ ಬ್ಯಾಗು ಹೊರೋಕೆ ಕ್ಯಾಡಿ ಸಿಗಲ್ಲ. ಹೆಗಲಿಗೆ ಹಾಕ್ಕೋಬೇಕು, ಕೈಗಾಡಿಯಲ್ಲಿ ತಳ್ಳಬೇಕು, ಇಲ್ಲಾ ಮೋಟರ್ ಗಾಡಿ. ಕೆಂಟ್ ಪ್ರಾಂತ್ಯದ ಪವಾಕ್ಯಾಡಿ ಕಂಪನಿ 1983ರಿಂದ ಇವನ್ನ ಮಾಡ್ತಿದೆ. ಆಮೇಲೆ ಮೋಟೋಕ್ಯಾಡಿ, ಸ್ಟೂವರ್ಟ್ ಅಂತ ಬೇರೆಯವರೂ ಬಂದರು. ಬೆಲೆ ಸುಮಾರು 500 ಪೌಂಡ್‌ನಿಂದ ಶುರು. ಜಿಪಿಎಸ್ ಪರದೆ ಬೇಕಂದ್ರೆ ಸಾವಿರದ ಹತ್ತಿರ. ರಿಮೋಟ್ ಇದ್ದರೆ ಸಾವಿರ ದಾಟುತ್ತೆ. ಸಾಕಿದ ನಾಯಿ ಥರ ಹಿಂದೆ ಹಿಂದೆ ಬರೋ ಗಾಡಿಗೆ 2000 ಪೌಂಡ್ ಮೇಲೆ. ಅಂದ್ರೆ ಅದೇ ಬ್ಯಾಗು, ಅದೇ ಹುಲ್ಲು, ಬೆಲೆ ಮಾತ್ರ ನಾಲ್ಕು ಪಟ್ಟು.

ಬ್ರೋಷರ್‌ನಲ್ಲಿ ಮೊದಲು ಕಾಣೋದು ಪರದೆ, ಕೊನೆಗೆ ಕಾಣೋದು ಬ್ಯಾಟರಿ. ನಾನು ಕೊನೆಯಿಂದ ಶುರು ಮಾಡಿದೆ.

ಎಷ್ಟು ಬ್ಯಾಟರಿ ಬೇಕು ಅಂತ ಹಾಳೆ ಮೇಲೆ ಒಂದು ಲೆಕ್ಕ ಹಾಕಿದೆ, ಡಿಗ್ರಿ ಮುಗಿದ ಮೇಲೆ ಫಿಸಿಕ್ಸ್ ಬಳಸಿದ್ದು ಇದೇ ಮೊದಲು. ಗಾಡಿ, ಬ್ಯಾಗು ಸೇರಿ 25 ಕೆ.ಜಿ., ಅಂದ್ರೆ ಸುಮಾರು 250 ನ್ಯೂಟನ್. ಹುಲ್ಲಿನ ಮೇಲೆ ಉರುಳೋಕೆ ಅದರ ಹತ್ತನೇ ಒಂದು ಪಾಲು ಬಲ ಬೇಕು ಅಂತ ಇಟ್ಕೊಳ್ಳಿ, 25 ನ್ಯೂಟನ್. 10 ಕಿಲೋಮೀಟರ್‌ಗೆ ಸುಮಾರು 70 ವ್ಯಾಟ್-ಅವರ್. ಒಟ್ಟು 100 ಮೀಟರ್ ಏರು ಹತ್ತಿದರೂ ಅದಕ್ಕೆ ಬರೀ 7. ಮೋಟರ್, ಗೇರ್‌ಗಳಲ್ಲಿ ಅರ್ಧ ಶಕ್ತಿ ಶಾಖವಾಗಿ ಹೋಗುತ್ತೆ ಅಂದ್ರೂ 150ರ ಆಸುಪಾಸು. 12 ವೋಲ್ಟಿನ 16 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 192 ಇರುತ್ತೆ. ಹೊಸದರಲ್ಲಿ ಆರಾಮಾಗಿ ಸಾಕು. ಆದ್ರೆ ಕೆಲವು ವರ್ಷ ಕಳೆದು ಬ್ಯಾಟರಿಯ ಶಕ್ತಿ ನೂರಕ್ಕೆ 80 ಆಯ್ತು ಅನ್ನಿ, ಉಳಿಯೋದು 154. ಚಳಿಗಾಲದ ಕೆಸರಿನಲ್ಲಿ ಚಕ್ರ ಹೂತರೆ ಲೆಕ್ಕ ತಲೆಕೆಳಗು. 15ನೇ ಹೋಲ್‌ನಲ್ಲಿ ಗಾಡಿ ನಿಂತರೆ ಬ್ಯಾಗು, ಸತ್ತ ಗಾಡಿ ಎರಡನ್ನೂ ತಳ್ಳಬೇಕಾದ್ದು ಹೊಸ ಮಂಡಿ. ಹಾಗಾಗಿ ದಿನಕ್ಕೆ ಒಂದೇ ಸುತ್ತು ಆಡಿದರೂ ಗುಡ್ಡದ ಕೋರ್ಸ್‌ನವರು 36 ಹೋಲ್‌ನ ದೊಡ್ಡ ಬ್ಯಾಟರಿ ತಗೊಳ್ಳೋದೇ ಒಳ್ಳೇದು. ಯಾರೂ ಹೊಗಳದ ಈ ಎಕ್ಸ್‌ಟ್ರಾಗೆ ನಾನು ಕಣ್ಣು ಮುಚ್ಚಿ ದುಡ್ಡು ಕೊಡ್ತೀನಿ.

ಹಳೇ ಲೆಡ್ ಆಸಿಡ್ ಬ್ಯಾಟರಿ ಅಗ್ಗಕ್ಕೆ ಸಿಗುತ್ತೆ, ಸೆಕೆಂಡ್ ಹ್ಯಾಂಡ್ ಗಾಡಿಗಳ ಜೊತೆ ಈಗಲೂ ಬರುತ್ತೆ. ಆದ್ರೆ ತೂಕ 10 ಕೆ.ಜಿ. ಹತ್ತಿರ, ಲಿಥಿಯಂ ಆದ್ರೆ 2-3 ಕೆ.ಜಿ. ಕೋರ್ಸ್ ಮೇಲೆ ಈ ವ್ಯತ್ಯಾಸ ಗೊತ್ತಾಗಲ್ಲ, ಹೊರೋದು ಮೋಟರ್ ತಾನೆ. ಗೊತ್ತಾಗೋದು ಕಾರಿನ ಡಿಕ್ಕಿ ಹತ್ತಿರ. ಗಾಡಿಯ ಚೌಕಟ್ಟೇ ಸುಮಾರು 10 ಕೆ.ಜಿ., ಅದನ್ನ ಸೊಂಟ ಬಗ್ಗಿಸಿ, ಕೈ ಚಾಚಿ ಎತ್ತಿ ಒಳಗೆ ಇಡಬೇಕು, ಮನೆಗೆ ಬಂದು ಮತ್ತೆ ಇಳಿಸಬೇಕು. ಇಡೀ ದಿನದಲ್ಲಿ ಬೆನ್ನಿಗೆ ಅತಿ ಅಪಾಯದ ಕೆಲಸ ಇದೇ. ಅದಕ್ಕೆ ಡಾಕ್ಟ್ರಿಗೆ ಹೇಳಿದೆ, ಅಂಗಡಿಗೆ ಹೋದಾಗ ಪರದೆ ಮುಟ್ಟಿ ನೋಡಬೇಡಿ, ಗಾಡಿ ಮಡಚಿ ನಿಮ್ಮದೇ ಕಾರಿನ ಡಿಕ್ಕಿಗೆ ಹಾಕಿ ತೋರಿಸಿ ಅನ್ನಿ, ಆಮೇಲೆ ನೀವೇ ಒಂದು ಸಲ ಹಾಕಿ ನೋಡಿ ಅಂತ. ಇನ್ನೊಂದು ಮಾತು, ಲಿಥಿಯಂ ಬ್ಯಾಟರಿಯನ್ನ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು. ಇಲ್ಲಿಯ ಜನವರಿಯಲ್ಲಿ ಗ್ಯಾರೇಜಿನಲ್ಲಿ ಬಿಡದೆ ಮನೆ ಒಳಗೆ ತಂದು ಚಾರ್ಜಿಗೆ ಹಾಕಬೇಕು.

ದುಡ್ಡು ಕೊಡಬೇಕಾದ ಎರಡನೇ ಫೀಚರ್ ಇಳಿಜಾರಿನ ಬ್ರೇಕ್. ಸಾದಾ ಗಾಡಿ ಏರಿನಲ್ಲಿ ಎಳೆಯುತ್ತೆ, ಇಳಿಜಾರಿಗೆ ಬಂದ ತಕ್ಷಣ ಚಕ್ರಗಳು ಸ್ವತಂತ್ರವಾಗಿ ಉರುಳಿ ಓಡೋಕೆ ಶುರು ಮಾಡುತ್ತೆ. ಹಗ್ಗ ಹಿಡಿದು ಕರು ತಡೆದ ಹಾಗೆ ನಾವು ಹಿಂದಕ್ಕೆ ಜಗ್ಗಬೇಕು. ಬ್ರೇಕ್ ಇರೋ ಮಾದರಿಯಲ್ಲಿ ಮೋಟರೇ ತಡೆ ಹಾಕಿ, ನಾವು ಇಟ್ಟ ವೇಗವನ್ನೇ ಕಾಯುತ್ತೆ. ಮಂಡಿಗೆ ಏರಿಗಿಂತ ಇಳಿಯೋದೇ ಕಷ್ಟ ಅಂತ ಬೆಟ್ಟ ಹತ್ತಿ ಇಳಿದವರಿಗೆಲ್ಲ ಗೊತ್ತು. ಸಪಾಟಾದ ಕೋರ್ಸ್ ಆಗಿದ್ದರೆ ಇದು ಬೇಡವೇ ಬೇಡ. ಡಾಕ್ಟ್ರ ಕೋರ್ಸ್‌ನಲ್ಲಿ ಮೂರು ಹೋಲ್ ಗುಡ್ಡದ ಮೇಲಿವೆ. ಹಾಗಾಗಿ ಬೇಕು. ಚಳಿಗಾಲಕ್ಕೆ ಮುಳ್ಳುಮುಳ್ಳಿನ ಚಕ್ರ ಸಿಗುತ್ತೆ, ಹೆಡ್ಜ್‌ಹಾಗ್ ಅಂತ ಕರೀತಾರೆ. ಒದ್ದೆ ನೆಲದಲ್ಲಿ ಜಾರಲ್ಲ. ಹಲವು ಕ್ಲಬ್‌ಗಳು ಮಳೆಗಾಲದ ಕೆಸರಿನಲ್ಲಿ ಈ ಚಕ್ರ ಇಲ್ಲದ ಗಾಡಿಯನ್ನ ಒಳಗೇ ಬಿಡಲ್ಲ, ವಿಚಾರಿಸಿಕೊಳ್ಳಿ.

ಇನ್ನು ಬುದ್ಧಿವಂತ ಫೀಚರ್‌ಗಳು.

ಜಿಪಿಎಸ್: ಹಸಿರು ಎಷ್ಟು ಗಜ ದೂರ ಇದೆ ಅಂತ ಹ್ಯಾಂಡಲ್ ಮೇಲೆ ತೋರಿಸುತ್ತೆ. ಉಪಯೋಗ ಇದೆ, ಇಲ್ಲ ಅನ್ನಲ್ಲ. 2019ರ ನಿಯಮಗಳಿಂದ ದೂರ ಅಳೆಯೋಕೆ ಸಾಮಾನ್ಯವಾಗಿ ಅನುಮತಿಯೂ ಇದೆ, ಏರುತಗ್ಗು ಅಳೆಯೋದು ಮಾತ್ರ ನಿಷಿದ್ಧ. ಆದ್ರೆ ಇದೇ ಕೆಲಸ ಜೇಬಿನಲ್ಲಿರೋ ಫೋನ್ ಮಾಡುತ್ತೆ. ನನ್ನ ವೃತ್ತಿಯ ಮಾತು ಹೇಳಬೇಕಂದ್ರೆ, ಮೋಟರ್, ಗೇರು, ಚಕ್ರ ಹತ್ತು ವರ್ಷ ಬಾಳಬಹುದು. ಸಾಫ್ಟ್‌ವೇರ್ ಅಷ್ಟು ದಿನ ಬಾಳಲ್ಲ. ಬರೆಯೋ ನಮಗೇ ಗೊತ್ತಲ್ಲ! ಬೇಗ ಮುದಿಯಾಗೋದನ್ನ ನಿಧಾನಕ್ಕೆ ಮುದಿಯಾಗೋದಕ್ಕೆ ಬೆಸುಗೆ ಹಾಕಬಾರದು.

ಬಟನ್ ಒತ್ತಿದರೆ 20-30 ಗಜ ತಾನೇ ಹೋಗಿ ನಿಲ್ಲೋದು: ಹಸಿರಿನ ಆಚೆ ಬದಿಗೆ ಗಾಡಿ ಕಳಿಸಿ ನಾವು ಆಡಬಹುದು. ಸುಮ್ಮನೆ ಬಂದರೆ ಬರಲಿ, ಇದಕ್ಕೇ ಅಂತ ದುಡ್ಡು ಬೇಡ. ಯುಎಸ್‌ಬಿ ಚಾರ್ಜರ್ ಕೂಡ ಹಾಗೇ.

ರಿಮೋಟ್: ಇದರಲ್ಲಿ ಎರಡು ಮೋಟರ್, ಎರಡು ಚಕ್ರದ ವೇಗ ಬೇರೆ ಮಾಡಿ ತಿರುಗುತ್ತೆ. ತೂಕ ಜಾಸ್ತಿ, ಏರಿನಲ್ಲಿ ಮಗುಚದ ಹಾಗೆ ಹಿಂದೆ ಇನ್ನೊಂದು ಚಕ್ರ ಬೇರೆ. ಬರೀ ಷೋಕಿಗಾದರೆ ಬೇಡ. ಆದ್ರೆ ಭುಜ ನೋವು, ಸಂಧಿವಾತ ಇದ್ದು ಹ್ಯಾಂಡಲ್ ಹಿಡಿಯೋದೇ ಕಷ್ಟ ಇರೋರಿಗೆ ಇದು ಷೋಕಿ ಅಲ್ಲ, ಇದೇ ಮುಖ್ಯ ಫೀಚರ್. ಒಬ್ಬರ ಎಕ್ಸ್‌ಟ್ರಾ ಇನ್ನೊಬ್ಬರ ಊರುಗೋಲು. ಬ್ರೋಷರ್ ನಮ್ಮ ಮೈಯನ್ನ ನೋಡಿರಲ್ಲ, ಅದನ್ನ ನಾವೇ ನೋಡ್ಕೋಬೇಕು.

ಈ ಪಟ್ಟಿ ಬರೆದು ಮುಗಿಸಿದಾಗ ಒಂದು ವಿಷಯ ಹೊಳೀತು. ದೂರ ಹೇಳೋದು, ಮುಂದೆ ಹೋಗಿ ಕಾಯೋದು, ಹಿಂದೆ ಹಿಂದೆ ಬರೋದು, ಇವೆಲ್ಲಾ ಕ್ಯಾಡಿಯ ಕೆಲಸ. 2000 ಪೌಂಡ್ ಕೊಟ್ಟು ಕೊಳ್ಳೋದು ಕ್ಯಾಡಿಯ ಅರ್ಧ ಭಾಗ ಮಾತ್ರ. ನಮ್ಮ ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ, ಅಲ್ಲಿ ಬ್ಯಾಗು ಹೊರೋರು ಮನುಷ್ಯರು. ಹೊರುತ್ತಾ ಹೊರುತ್ತಾ ಆಟ ಕಲಿತವರೂ ಇದ್ದಾರೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿ ಆಗಿದ್ದವರು. ಯಾವ ಟ್ರಾಲಿಯೂ ಹೀಗೆ ಮೇಲೆ ಬಂದು ತನ್ನ ಯಜಮಾನನನ್ನ ಸೋಲಿಸಲ್ಲ :-)

"ಊರಿಗೆ ಹೋಗುವಾಗ ಇದನ್ನ ಬೆಂಗಳೂರಿಗೆ ತಗೊಂಡು ಹೋಗಬಹುದಾ?" ಅಂತ ಡಾಕ್ಟ್ರು ಕೇಳಿದ್ದರು. ಪ್ರಯಾಣಿಕರು 160 ವ್ಯಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನ ಹೀಗೆ ವಿಮಾನದಲ್ಲಿ ಒಯ್ಯೋ ಹಾಗಿಲ್ಲ, ಇದು ಅದಕ್ಕಿಂತ ದೊಡ್ಡದು ಅಂದೆ. ಆಗುವಂತಿದ್ದರೂ ಬೇಡ ಡಾಕ್ಟ್ರೇ, ಅಲ್ಲಿ ಈ ಕೆಲಸದಿಂದ ಒಂದು ಮನೆಯ ಒಲೆ ಉರಿಯುತ್ತೆ ಅಂತಲೂ ಅಂದೆ. "ಅದೂ ಸರಿ ಕಣಯ್ಯಾ, ಕ್ಯಾಡಿ ಆದ್ರೆ ಕನ್ನಡನೂ ಮಾತಾಡ್ತಾನೆ" ಅಂದರು.

ಕೊನೆಗೆ ಅವರು ತಗೊಂಡಿದ್ದು ಪರದೆ ಇಲ್ಲದ, ಇಳಿಜಾರಿನ ಬ್ರೇಕ್ ಇರೋ, ದೊಡ್ಡ ಲಿಥಿಯಂ ಬ್ಯಾಟರಿಯ ಗಾಡಿ, 700 ಪೌಂಡಿನ ಒಳಗೆ. ಮೊದಲ ವಾರ 9 ಹೋಲ್ ನಡೆದರು, ಹೋದ ಭಾನುವಾರ 18. ಮಂಡಿ ಹೇಗಿದೆ ಅಂದ್ರೆ, "ಮಂಡಿ ಚೆನ್ನಾಗಿದೆ, ಆಟ ಮಾತ್ರ ಹಂಗೇ ಇದೆ, ಅದಕ್ಕೆ ಯಾವ ಫೀಚರ್ರೂ ಇಲ್ಲ" ಅಂತ ನಕ್ಕರು.

ಈಗ ಏನೇ ಕೊಳ್ಳುವಾಗಲೂ ಇದೇ ಎರಡು ಪ್ರಶ್ನೆ ಕೇಳ್ಕೋತೀನಿ. ಈ ಫೀಚರ್ ನನ್ನ ಮೈಮೇಲಿನ ಭಾರ ಇಳಿಸುತ್ತಾ? ಇದೇ ಕೆಲಸ ಮಾಡೋ ವಸ್ತು ಆಗಲೇ ನನ್ನ ಹತ್ತಿರ ಇದೆಯಾ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಅಂತ ಉತ್ತರ ಬಂದರೆ ಮಾತ್ರ ಪರ್ಸ್ ತೆಗೀತೀನಿ. ನೀವು ಹೇಗೆ ಲೆಕ್ಕ ಹಾಕ್ತೀರಾ, ಹೇಳಿ.