ಅಭಿವ್ಯಕ್ತಿ

ರಸವು ಹೊರಗಿನಿಂದ ಬರುವ ವಸ್ತುವಲ್ಲ. ಸಹೃದಯನಲ್ಲಿ ವಾಸನಾರೂಪವಾಗಿ ಮೊದಲೇ ಇದ್ದುದು ಅಭಿವ್ಯಕ್ತವಾಗುತ್ತದೆ. ಅಭಿನವಗುಪ್ತನ ಈ ಮತವನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ವಿವರಿಸುವುದು ನನ್ನ ವೃತ್ತಿ. ಆ ಶಬ್ದವೇ ವೈದ್ಯಶಾಸ್ತ್ರದಲ್ಲಿ, ಅದೂ ಕ್ಯಾನ್ಸರಿನ ಸಂಬಂಧವಾಗಿ, ಎದುರಾದೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಚಿಕ್ಕಪ್ಪನವರ ದೊಡ್ಡ ಕರುಳಿನ ಗಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದು ಒಂದು ವರ್ಷವಾಗಿತ್ತು. ಈಗ ಯಕೃತ್ತಿನಲ್ಲಿ ಎರಡು ಗಂಟುಗಳು ಕಂಡಿವೆ. “ಬುಡವನ್ನೇ ಕಿತ್ತ ಮೇಲೆ ಇದೆಲ್ಲಿಂದ ಚಿಗುರಿತೋ?” ಎಂದು ಅವರು ನನ್ನನ್ನು ಕೇಳಿದರು. ಎಂ.ಎ. ಮಾಡಿದವನಿಗೆ ಸಕಲವೂ ತಿಳಿದಿರಬೇಕೆಂಬುದು ನಮ್ಮ ಮನೆಯವರ ನಂಬಿಕೆ!

ದಾರಿಯನ್ನು ವಿವರಿಸುವುದು ಸುಲಭ. ಕರುಳಿನ ರಕ್ತವು ಬಹುಪಾಲು ಒಂದು ದೊಡ್ಡ ಸಿರೆಯಲ್ಲಿ ಕೂಡಿ, ಹೃದಯವನ್ನು ಸೇರುವ ಮುನ್ನ ಯಕೃತ್ತನ್ನು ಹಾಯುತ್ತದೆ. ಗಡ್ಡೆಯಿಂದ ಕಳಚಿದ ಜೀವಕೋಶಗಳಿಗೆ ಅದೇ ಮೊದಲ ತಂಗುದಾಣ. ಆದರೆ ಬಂದವೆಲ್ಲ ಅಲ್ಲಿ ನೆಲೆಯೂರುವುದಿಲ್ಲ. ಬೀಜಕ್ಕೆ ಒಗ್ಗುವ ನೆಲ ಬೇಕೆಂದು 1889ರಲ್ಲಿಯೇ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ ಹೇಳಿದ್ದನು. ಬೇಸಾಯಗಾರರಾದ ಚಿಕ್ಕಪ್ಪ ಇಷ್ಟಕ್ಕೆ ತಲೆದೂಗಿದರು.

ಬೀಜದೊಳಗಿನ ಸಂಗತಿ ಮಾತ್ರ ಸೂಕ್ಷ್ಮವಾದುದು. ದೇಹದ ಬಹುತೇಕ ಜೀವಕೋಶಗಳಲ್ಲಿ ಇರುವುದು ಒಂದೇ ಗ್ರಂಥ. ಕರುಳು ಓದುವ ಅಧ್ಯಾಯ ಬೇರೆ, ಯಕೃತ್ತು ಓದುವುದು ಬೇರೆ. ಹೀಗೆ ಓದಲ್ಪಡುವುದೇ ವಂಶವಾಹಿಯ ಅಭಿವ್ಯಕ್ತಿ. ಕ್ಯಾನ್ಸರಿನಲ್ಲಿ ಗ್ರಂಥದೊಳಗೆ ಸ್ಖಾಲಿತ್ಯಗಳು ಸೇರುತ್ತವೆ, ನಿಜ. ಆದರೆ 2008ರಲ್ಲಿ ಅಮೆರಿಕದ ಸಂಶೋಧಕರು ಕರುಳಿನ ಮೂಲಗಡ್ಡೆಯನ್ನೂ ಹರಡಿದ ಗಡ್ಡೆಯನ್ನೂ ಅಕ್ಷರಶಃ ಹೋಲಿಸಿ ನೋಡಿದಾಗ, ಎರಡನೆಯದರ ಸ್ಖಾಲಿತ್ಯಗಳು ಹೆಚ್ಚುಕಡಿಮೆ ಎಲ್ಲವೂ ಮೊದಲನೆಯದರಲ್ಲಿಯೇ ಇದ್ದುವು. ಪಾಠಾಂತರವಿಲ್ಲದಿದ್ದರೆ ಭೇದವನ್ನು ಓದಿನಲ್ಲಿ ಹುಡುಕಬೇಕಷ್ಟೆ? ಅದರ ಸುಳಿವು 2001ರಲ್ಲಿಯೇ ದೊರೆತಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಪರೀಕ್ಷಿಸಿದ, ಯಕೃತ್ತಿಗೆ ಹರಡಿದ 18 ಗಡ್ಡೆಗಳಲ್ಲಿ 18ರಲ್ಲಿಯೂ ಪಿಆರ್‌ಎಲ್-3 ಎಂಬ ವಂಶವಾಹಿಯ ಓದು ತಾರಸ್ವರದಲ್ಲಿತ್ತು. ಹರಡದ ಗಡ್ಡೆಗಳಲ್ಲಿ ಮಂದವಾಗಿತ್ತು. 2009ರಲ್ಲಿ ಬರ್ಲಿನ್ನಿನವರು ಎಂಎಸಿಸಿ1 ಎಂಬ ಇನ್ನೊಂದನ್ನು ಗುರುತಿಸಿದರು. ಮೂಲಗಡ್ಡೆಯಲ್ಲಿಯೇ ಇದರ ಪ್ರಮಾಣವನ್ನು ಅಳೆದರೆ, ಮುಂದೆ ಹರಡುವ ಸಂಭವವನ್ನು ಊಹಿಸಬಹುದಂತೆ. ಈ ವಿದ್ಯೆ ಪಕ್ವವಾದರೆ ಚಿಕ್ಕಪ್ಪನಂಥವರಿಗೆ ಮುನ್ಸೂಚನೆ ದೊರೆತೀತು.

“ಹಾಗಾದರೆ ಇದು ಯಕೃತ್ತಿನ ರೋಗವಲ್ಲ, ಕರುಳಿನದೇ ಅನ್ನು” ಎಂದರು ಚಿಕ್ಕಪ್ಪ. ಹೌದು, ಔಷಧವೂ ಕರುಳಿನ ಕ್ಯಾನ್ಸರಿನದೇ. ಯಕೃತ್ತಿನ ಒಂದು ಭಾಗವನ್ನು ಕತ್ತರಿಸಿದರೆ, ಉಳಿದುದು ಆರೋಗ್ಯವಾಗಿದ್ದಲ್ಲಿ ಮತ್ತೆ ಬೆಳೆಯುತ್ತದೆ. ಮುಂಗಾರಿಗೆ ಮುನ್ನವೇ ಶಸ್ತ್ರಕ್ರಿಯೆ ಆಗಿಬಿಡಲೆಂದು ಅವರು ಪಟ್ಟುಹಿಡಿದಿದ್ದಾರೆ.